ಬೇರೆಯವರ ಬರಹ

ಊಟದ ಬಿಡುವಿಗೆ ಎಲ್ಲರೂ ಕ್ಯಾಂಟೀನಿಗೆ ಇಳಿದ ಮೇಲೂ ಟೈಪಿಸ್ಟ್ ಹುಡುಗಿಯ ಕೀಲಿಮಣೆ ಟಕಟಕ ಎನ್ನುತ್ತಲೇ ಇತ್ತು. ಸೂಪರಿಂಟೆಂಡೆಂಟರು ಬೀರುವಿನ ಮರೆಯಲ್ಲಿ ನಿಂತು ಕಿವಿಗೊಟ್ಟರು. ಆಸ್ಪತ್ರೆ ವಿಮೆಯ ಕಾಗದಗಳು ಈ ವೇಗದಲ್ಲಿ ಸಾಗುವಂಥವಲ್ಲ. ಒಂದು ಅಂಕಿ, ಒಂದು ಹೆಸರು, ಒಂದು ನಿಟ್ಟುಸಿರು, ಮತ್ತೆ ಒಂದು ಅಂಕಿ. ಇವಳ ಬೆರಳುಗಳು ಓಡುತ್ತಿದ್ದವು.

"ಊಟ ಇಲ್ವೇನಮ್ಮ?"

ಹುಡುಗಿ ಬೆಚ್ಚಿದಳು. ಪರದೆಯ ಮೇಲಿನದನ್ನು ಮುಚ್ಚಿ, ಪಕ್ಕದ ಹಾಳೆಗಳ ಮೇಲೆ ಫೈಲೊಂದನ್ನು ಎಳೆದುಕೊಂಡಳು. "ಆಯ್ತು ಸಾರ್. ಆಫೀಸಿನ ಕೆಲಸ ಅಲ್ಲ ಇದು. ಇನ್ನೊಂದೇ ಅಧ್ಯಾಯ ಬಾಕಿ."

"ಅಧ್ಯಾಯ?"

ಅವಳು ನಾಲಿಗೆ ಕಚ್ಚಿಕೊಂಡಳು. "ಕಾದಂಬರಿ ಸಾರ್. ಮುಗಿದ ದಿನ ಮೊದಲು ನಿಮ್ಮ ಕೈಗೇ ಕೊಡ್ತೀನಿ. ಅಲ್ಲಿವರೆಗೆ ಏನೂ ಕೇಳಬೇಡಿ."

ಸೂಪರಿಂಟೆಂಡೆಂಟರು ಸರಕ್ಕನೆ ತಿರುಗಿ ತಮ್ಮ ಮೇಜಿಗೆ ನಡೆದರು.

ಕಾದಂಬರಿಯನ್ನು ಅವರೂ ಬರೆಯುತ್ತಿದ್ದರು. ಬೀದಿ ಏಳುವ ಮೊದಲೇ ಎದ್ದು, ಮುಖಕ್ಕೆ ತಣ್ಣೀರು ಎರಚಿಕೊಂಡು, ಹಿಂದಿನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ಒಂದು ಗಳಿಗೆಗಾಗಿ ಗೆಳೆಯರ ಹರಟೆ ಬಿಟ್ಟಿದ್ದರು, ನೆಂಟರ ಮದುವೆಗಳನ್ನು ಬಿಟ್ಟಿದ್ದರು. ಮಗಳು ತುದಿಗಾಲಲ್ಲಿ ನಡೆಯುವುದನ್ನು ಕಲಿತಿದ್ದಳು. ಹೆಂಡತಿ ತಾನೂ ಹೊಲಿಗೆ ಘಟಕಕ್ಕೆ ಓಡಬೇಕಾದವಳು. ಆದರೂ ಸೌಟು ಪಾತ್ರೆಗೆ ತಗುಲದಂತೆ ಅಡುಗೆ ಮುಗಿಸುತ್ತಿದ್ದಳು. ಬಸ್ಸಿನ ಹೊತ್ತಾಯಿತೆಂದರೆ ಸೂಪರಿಂಟೆಂಡೆಂಟರು ಅರ್ಧ ವಾಕ್ಯದಲ್ಲೇ ಪೆನ್ನು ಮುಚ್ಚಿ ಏಳುತ್ತಿದ್ದರು. ಆಫೀಸಿನ ಒಂದು ನಿಮಿಷವನ್ನೂ ಕದ್ದವರಲ್ಲ. ಆ ಹೆಮ್ಮೆ ಅವರಿಗೆ ಬರವಣಿಗೆಯಷ್ಟೇ ದೊಡ್ಡದು.

ಒಮ್ಮೆ ಅರ್ಧ ಕಾದಂಬರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಪ್ರಕಾಶಕರ ಬಾಗಿಲಿಗೆ ಹೋಗಿದ್ದುಂಟು. ಅಲ್ಲಿದ್ದವನು ಕಟ್ಟು ಬಿಚ್ಚಿಯೂ ನೋಡಲಿಲ್ಲ. ಅಂದಿನಿಂದ ಅವರು ಬೇರೆಯವರ ಒಂದು ಸಾಲನ್ನೂ ಓದಿದವರಲ್ಲ. ತನ್ನದನ್ನು ಓದದ ಲೋಕದ್ದನ್ನು ತಾನೇಕೆ ಓದಬೇಕು?

ಈಗ ನೋಡಿದರೆ, ನಿನ್ನೆ ಮೊನ್ನೆ ಸೇರಿದ ತಾತ್ಕಾಲಿಕ ನೌಕರಿಯ ಹುಡುಗಿ, ಆಫೀಸಿನ ಯಂತ್ರದಲ್ಲಿ, ಹಾಡುಹಗಲೇ, ಕೊನೆಯ ಅಧ್ಯಾಯದವರೆಗೆ ಬಂದು ಕೂತಿದ್ದಾಳೆ. ಮೇಲಾಗಿ ಅದನ್ನು ಇವರೇ ಓದಿ ಬೆನ್ನು ತಟ್ಟಬೇಕಂತೆ.

ಮರುದಿನ ಬೆಳಿಗ್ಗೆ ಪೆನ್ನು ಮುಂದಕ್ಕೆ ಹೋಗಲಿಲ್ಲ. ಅವರದೂ ಕೊನೆಯ ಅಧ್ಯಾಯವೇ. ಎಂದೂ ಹಿಂದಿನದನ್ನು ತಿರುವಿ ಹಾಕದವರು ಅಂದು ಬೀರು ತೆರೆದರು.

"ಹಳೇ ಕಟ್ಟು ಎಲ್ಲಿ?"

"ಗೆದ್ದಲು ಹಿಡಿದೀತು ಅಂತ ಬೇರೆ ಕಡೆ ಇಟ್ಟಿದ್ದೀನಿ ಕಣ್ರೀ," ಅಂದಳು ಹೆಂಡತಿ. "ಭದ್ರವಾಗಿದೆ. ನೀವು ಮುಂದಿಂದು ಬರೀರಿ."

ಮುಂದಿನದು ಬರಲಿಲ್ಲ. ಬಂದದ್ದು ಮ್ಯಾನೇಜರರಿಗೆ ಒಂದು ದೂರು. ಅದನ್ನು ಮಾತ್ರ ಎಲ್ಲಿಯೂ ತಡವರಿಸದೆ ಬರೆದರು.

ಹುಡುಗಿ ಅಂದು ರಜೆಯಲ್ಲಿದ್ದಳು. ತಾಯಿಯ ಕಣ್ಣಿಗೆ ಆಪರೇಷನ್. ಮ್ಯಾನೇಜರರು ಫೋನಿನಲ್ಲೇ ಮಾತು ಮುಗಿಸಿದರು: ನಾಳೆಯಿಂದ ಬರುವುದು ಬೇಡ. ಕಂಪ್ಯೂಟರಿನವನು ಬಂದು ಅವಳ ಯಂತ್ರವನ್ನು ಪೂರ್ತಿ ಒರೆಸಿಟ್ಟ. ರೋಗಿಗಳ ಕಾಗದ ಓಡಾಡುವ ಜಾಗವಾದ್ದರಿಂದ ಕೆಲಸ ಬಿಟ್ಟವರ ಡ್ರಾಯರಿನಲ್ಲಿರುವುದೆಲ್ಲ ಕಾಗದ ಕತ್ತರಿಸುವ ಯಂತ್ರಕ್ಕೆ ಹೋಗಬೇಕು. ಅದು ಆಫೀಸಿನ ನಿಯಮ. ಆ ಉಸ್ತುವಾರಿಯನ್ನು ಸೂಪರಿಂಟೆಂಡೆಂಟರು ತಾವಾಗಿ ವಹಿಸಿಕೊಂಡರು.

ಮುದುಕ ಅಟೆಂಡರ್ ಡ್ರಾಯರಿಗೆ ಕೀಲಿ ತಿರುಗಿಸುತ್ತಿದ್ದಾಗ ಮೇಜಿನ ಫೋನು ಹೊಡೆದುಕೊಂಡಿತು.

"ಸಾರ್, ನಾನು," ಹುಡುಗಿ ಅವಸರವಾಗಿ ಅಂದಳು. "ಕೆಲಸ ಹೋದ್ರೆ ಹೋಗಲಿ. ಡ್ರಾಯರಿನಲ್ಲಿರೋದು ನನ್ನದಲ್ಲ, ದಯವಿಟ್ಟು ಅದನ್ನ..."

"ಆಫೀಸಿನ ಡ್ರಾಯರಿನಲ್ಲಿರೋದು ಯಾವುದೂ ನಿನ್ನದಲ್ಲಮ್ಮ," ಎಂದು ಅವರು ಫೋನನ್ನು ಇಟ್ಟರು. ಮತ್ತೆ ಹೊಡೆದುಕೊಂಡಾಗ ಅದರ ತಂತಿಯನ್ನೇ ಕಿತ್ತರು.

ಅವರು ಕಿಟಕಿಯ ಕಡೆ ತಿರುಗಿ ಕೈಕಟ್ಟಿ ನಿಂತರು. ಬೆನ್ನ ಹಿಂದೆ ಯಂತ್ರ ಗುರ್ ಎಂದಿತು. ಕೆಳಗೆ ಬೀದಿಯಲ್ಲಿ ಒಬ್ಬ ಗಾಜಿನ ಬಾಗಿಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಉಸಿರು ಬಿಗಿಹಿಡಿದು ಹೋಗುತ್ತಿದ್ದ.

"ಎಲ್ಲ ಕೈಬರಹ ಸಾರ್," ಅಂದ ಅಟೆಂಡರ್. "ಕಟ್ಟು ಭಾರಿಯಾಗಿದೆ. ಯಾರೋ ಪಾಪ ತುಂಬಾ ದಿನ ಕೂತು ಬರೆದಿದಾರೆ. ಒಂದ್ಸಲ ನೋಡ್ತೀರಾ?"

"ಬೇರೆಯವರದ್ದು ಓದೋ ಚಟ ನನಗಿಲ್ಲ. ಹಾಕು."

ಅಟೆಂಡರ್ ಹಾಕಿದ. ಹಾಳೆಯ ಹಿಂದೆ ಹಾಳೆ. ಯಂತ್ರ ಬಿಸಿಯಾಗಿ ನಡುನಡುವೆ ನಿಲ್ಲುತ್ತಿತ್ತು. ಅವನು ಕಾದು ಮತ್ತೆ ಹಾಕುತ್ತಿದ್ದ. ಕೊನೆಯ ಚೂರು ಬುಟ್ಟಿಗೆ ಬೀಳುವವರೆಗೂ ಸೂಪರಿಂಟೆಂಡೆಂಟರು ತಿರುಗಲಿಲ್ಲ.

ಆಮೇಲೆ ಅವರಿಗೆ ಆಶ್ಚರ್ಯವೊಂದು ಆಯಿತು. ಬೆಳಿಗ್ಗೆ ಬಾರದ ಮಾತುಗಳು ಒಂದರ ಮೇಲೊಂದು ಬಿದ್ದು ಬರತೊಡಗಿದವು. ತಡೆಯಲಾಗಲಿಲ್ಲ. ತಲೆನೋವೆಂದು ಸುಳ್ಳು ಹೇಳಿ ಮನೆಗೆ ಬಂದವರು ಹಿಂದಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ನೌಕರಿಗೆ ಸೇರಿದ ಮೇಲೆ ಆಫೀಸಿನ ಹೊತ್ತಿನಲ್ಲಿ ಬರೆದದ್ದು ಅದೇ ಮೊದಲು. ಹೊತ್ತು ಇಳಿಯುವಷ್ಟರಲ್ಲಿ ಕಾದಂಬರಿ ಮುಗಿದಿತ್ತು. ಚೆನ್ನಾಗಿಯೇ ಮುಗಿದಿತ್ತು, ಅದು ಅವರಿಗೂ ಗೊತ್ತಾಯಿತು.

ಹೆಂಡತಿ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಘಟಕದೊಳಗೆ ಫೋನು ಬಳಸಲು ಬಿಡುವುದಿಲ್ಲ. ಬೆಳಿಗ್ಗೆಯಿಂದ ಆರಿಸಿಟ್ಟಿದ್ದ ಫೋನನ್ನು ಚೀಲದಿಂದ ತೆಗೆಯುತ್ತ, ಗಂಡನ ಮುಖ ನೋಡಿ ನಿಂತಳು.

"ಮುಗೀತಾ?"

"ಮುಗೀತು ಕಣೆ."

ಅವಳ ಕಣ್ಣು ತುಂಬಿ ಬಂತು. ಸೆರಗಿಗೆ ಕೈ ಒರೆಸಿಕೊಂಡು ಹಾಳೆಗಳಿಗಾಗಿ ಚಾಚಿದಳು.

"ಕೊಡಿ, ಇದನ್ನೂ ನಿಮ್ಮ ಟೈಪಿಸ್ಟ್ ಹುಡುಗಿಗೆ ತಲುಪಿಸಿಬಿಡ್ತೀನಿ. ಹೇಳಿದ್ರೆ ಬೇಡ ಅಂತಿದ್ರಿ ಅಂತ ಇಷ್ಟು ದಿನ ಬಾಯಿ ಬಿಡಲಿಲ್ಲ, ನಿಮ್ಮ ಉಳಿದ ಕಾದಂಬರಿಯೆಲ್ಲ ಅವಳ ಡ್ರಾಯರಿನಲ್ಲೇ ಇದೆ."