ವಾಸನೆಯೂ ಗೊತ್ತಿಲ್ಲದವರು

"ಹುಡುಗ ಕುಡಿಯೋದಿಲ್ಲ ತಾನೆ?" ಎಂದು ಹುಡುಗಿಯ ತಂದೆ ಕೇಳಿದರು. ಹೆಣ್ಣು ನೋಡಲು ಬಂದಿದ್ದ ಚಂದ್ರಹಾಸ ಬಾಯಿ ತೆರೆಯುವ ಮೊದಲೇ ಅವನ ಅಮ್ಮ, "ಅಯ್ಯೋ, ಅದರ ವಾಸನೆನೂ ಗೊತ್ತಿಲ್ಲ ಇವನಿಗೆ" ಎಂದುಬಿಟ್ಟಳು.

"ಒಳ್ಳೇದಾಯ್ತು. ಈ ಮನೆಗೆ ನಾನೊಬ್ಬ ಕುಡಿಯೋನು ಸಾಕು. ನಾನು ಬಾಟ್ಲಿ ತೆಗೆದ್ರೆ ನಮ್ಮ ಹುಡುಗಿ ಮೂಗು ಮುಚ್ಕೊಂಡು ಎದ್ದು ಹೋಗ್ತಾಳೆ."

ಅಷ್ಟರಲ್ಲಿ ಹುಡುಗಿಯ ಸೋದರಮಾವನ ಕಣ್ಣು ಶೋಕೇಸಿನ ಮೇಲೆ ಬಿತ್ತು. "ಏನ್ ಭಾವ, ಟೆನೆಸ್ಸೀ ವಿಸ್ಕಿ! ಅಮೆರಿಕದ್ದಾ?"

"ಯಾರೋ ತಂದ್ಕೊಟ್ರು. ಬರೀ ಜಂಬ ಕಣೋ. ಅವರ ಬರ್ಬನ್ ವಿಸ್ಕಿಗೇ ಇನ್ನೊಂದು ಹೆಸರು ಅಷ್ಟೆ."

"ಬಾಳೆಹಣ್ಣಿನ ರಸಾಯನ ಕುಡಿದ ಹಾಗಿರುತ್ತೆ. ಅದಕ್ಕಿಂತ ನಮ್ಮ ರಮ್ಮೇ ವಾಸಿ."

ಚಂದ್ರಹಾಸ ಉಪ್ಪಿಟ್ಟಿನ ಗೋಡಂಬಿಯನ್ನು ತಟ್ಟೆಯ ತುಂಬ ಓಡಾಡಿಸುತ್ತ ಹಲ್ಲು ಕಚ್ಚಿಕೊಂಡು ಕೂತಿದ್ದ.

"ಟೆನೆಸ್ಸೀಗೂ ಬರ್ಬನ್ನಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ" ಎಂದು ತಂದೆ ತೀರ್ಪು ಕೊಟ್ಟಾಗ ಮಾತ್ರ ಅವನಿಂದ ತಡೆಯಲಾಗಲಿಲ್ಲ.

"ಇದೆ ಸರ್! ಟೆನೆಸ್ಸೀಲಿ ಪೀಪಾಯಿಗೆ ತುಂಬೋ ಮೊದಲು ಇದ್ದಿಲಿನೊಳಗೆ ತೊಟ್ಟು ತೊಟ್ಟಾಗಿ ಸೋಸ್ತಾರೆ. ಆ ನಯ ಬರೋದೇ ಅದರಿಂದ. ಓಕ್ ಮರದ ಇದ್ದಿಲು ಅಂದ್ರೆ ಸುಮ್ನೇನಾ?"

ಮಾತು ಮುಗಿದ ಮೇಲೆ ಅವನಿಗೆ ತಾನು ಎಲ್ಲಿ ಕೂತಿದ್ದೇನೆಂಬುದು ನೆನಪಾಯಿತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಹುಡುಗಿಯ ತಂದೆ ಹುಬ್ಬು ಗಂಟಿಕ್ಕಿ ಅವನನ್ನೇ ನೋಡುತ್ತಿದ್ದರು.

ತಲೆ ತಗ್ಗಿಸಿಕೊಂಡು ಕಾಫಿ ತಂದ ಹುಡುಗಿ, ಅವನ ಮುಂದೆ ಲೋಟ ಇಟ್ಟು ಮೆಲ್ಲಗೆ ಅಂದಳು: "ಓಕ್ ಪೀಪಾಯಿಗೆ. ಸೋಸೋದು ಮೇಪಲ್ ಇದ್ದಿಲಿನಲ್ಲಿ."