ರನ್‌ವೇ ತುದಿಯ ಕಲ್ಲುಗುಪ್ಪೆ

ವಿಮಾನ ಇವತ್ತು ರನ್‌ವೇ ಪಕ್ಕದ ಬೇವಿನ ಮರ ದಾಟಿದ ಮೇಲೆ ನೆಲ ಮುಟ್ಟಿತು. ಜೋಳದ ಹೊಲದಲ್ಲಿ ಕಂಬ ನೆಟ್ಟು ಕಟ್ಟಿದ ಮಂಚಿಕೆಯ ಮೇಲೆ ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದ ಅಮರಮ್ಮನಿಗೆ ಏನೋ ಎಡವಟ್ಟಾಯಿತೆಂದು ತಕ್ಷಣ ತಿಳಿಯಿತು. ಗುಂಜಹಳ್ಳಿ ಬಯಲಿನ ಆ ರನ್‌ವೇಯಲ್ಲಿ ಕಲಿಯುವವರ ಪುಟ್ಟ ವಿಮಾನ ಇಳಿಯುವುದನ್ನೂ, ಓಡುವುದನ್ನೂ, ಮತ್ತೆ ಏರುವುದನ್ನೂ ಅವಳು ಇಪ್ಪತ್ತು ದಿನಗಳಿಂದ ನೋಡುತ್ತಲೇ ಇದ್ದಳು. ಚಕ್ರ ಮುಟ್ಟುವುದು ಯಾವಾಗಲೂ ಮರಕ್ಕಿಂತ ಮೊದಲೇ.

ರನ್‌ವೇ ಮುಗಿಯಿತು, ವಿಮಾನ ನಿಲ್ಲಲಿಲ್ಲ. ತಂತಿ ಬೇಲಿ ಹರಿದುಕೊಂಡು ಜೋಳದೊಳಗೆ ನುಗ್ಗಿತು. ದಂಟುಗಳು ಸಾಲಾಗಿ ಮಲಗಿದವು. ಮಂಚಿಕೆಗೆ ಹತ್ತು ಹೆಜ್ಜೆ ಇರುವಾಗ ವಿಮಾನ ತಡೆದು ನಿಂತಿತು.

ಒಳಗಿಂದ ಇಳಿದದ್ದು ಇಪ್ಪತ್ತರ ಆಸುಪಾಸಿನ ಹುಡುಗಿ. ಹಿಂದೆ ಯಾರಾದರೂ ಗಂಡಸು ಇಳಿದಾನು ಎಂದು ಅಮರಮ್ಮ ಕಾದಳು. ಯಾರೂ ಇಳಿಯಲಿಲ್ಲ. ಅವಳು ಮಂಚಿಕೆಯಿಂದಿಳಿದು ಹತ್ತಿರ ಹೋದಳು.

"ಒಬ್ಬಾಕಿನ ಇದ್ದೀಯೇನವ್ವ ಒಳಗ?"

"ಹೂಂ ಯವ್ವಾ. ಇಷ್ಟ ದಿನ ಬಾಜೂಕ ಸರ್ ಕೂಡತಿದ್ರು. ಒಬ್ಬಾಕಿ ಹಾರಿಸಿದ್ದು ಇವತ್ತ ಮೊದಲ."

"ಯಾವೂರು ನಿಂದು?"

"ಇಲ್ಲೇ ನಮ್ಮ ಜಿಲ್ಲಾದ ಜಾಲಹಳ್ಳಿ. ಹಂಪಣ್ಣನ ಮಗಳು, ಮೌನೇಶ್ವರಿ. ನಮ್ಮವ್ವನೂ ನಿಮ್ಮಂಗ ಹಕ್ಕಿ ಕಾಯತಾಳ, ಕೂಲಿಗಿ."

ಡೆಲ್ಲಿಯೋ ಬಾಂಬೆಯೋ ಅಂದುಕೊಂಡಿದ್ದ ಅಮರಮ್ಮನಿಗೆ ಮೈ ಜುಂ ಎಂದಿತು. ಹಕ್ಕಿ ಓಡಿಸುವವಳ ಮಗಳು ಹಕ್ಕಿಗಳಿಗಿಂತ ಮೇಲೆ ಹೋಗಿ ಬಂದಿದ್ದಾಳೆ. ಅವಳು ಒಮ್ಮೆ ಆಕಾಶ ನೋಡಿದಳು, ಒಮ್ಮೆ ಹುಡುಗಿಯ ಮುಖ ನೋಡಿದಳು, ನೀರಿನ ಬಾಟಲಿ ಚಾಚಿದಳು.

ಮೌನೇಶ್ವರಿ ಬಿದ್ದ ತೆನೆಗಳನ್ನು ನೋಡಿ ತಪ್ಪಾಯಿತೆಂದಳು. ಆಮೇಲೆ, ಇನ್ನು ಮೇಲೆ ತನ್ನ ಕೈಗೆ ವಿಮಾನ ಕೊಡುತ್ತಾರೋ ಇಲ್ಲವೋ ಎಂದು ತನಗೆ ತಾನೇ ಹೇಳಿಕೊಂಡಳು.

"ಜೋಳ ಹೋಗ್ಲಿ ಬಿಡು. ನೀ ಬೇವಿನ ಗಿಡ ದಾಟಿ ಮುಟ್ಟೀದಿ. ಗಿಡದ ಮ್ಯಾಲ ಒಂದು ಕಣ್ಣಿಡು," ಎಂದಳು ಅಮರಮ್ಮ.

ಅಷ್ಟರಲ್ಲಿ ಜೀಪು ಬಂತು. ಕಲಿಸುವ ಸರ್ ಸುತ್ತಲೂ ನೋಡಿ, ವಿಚಾರಣೆ ಮುಗಿಯುವವರೆಗೆ ಹಾರಾಟ ಬಂದ್ ಎಂದಷ್ಟೇ ಹೇಳಿ ಅವಳನ್ನು ಕೂರಿಸಿಕೊಂಡು ಹೋದರು.

ವಿಮಾನವನ್ನೂ ಎಳೆದೊಯ್ದು ಎಲ್ಲರೂ ಹೋದ ಮೇಲೆ ಅಮರಮ್ಮ ಚಕ್ರದ ಗುರುತು ಹಿಡಿದು ಬೇಲಿಯವರೆಗೆ ನಡೆದಳು. ಅಲ್ಲಿ ಅವಳು ನಿಂತುಬಿಟ್ಟಳು. ಗುರುತಿನಿಂದ ಒಂದೇ ಗೇಣು ದೂರದಲ್ಲಿ ಸೊಂಟದೆತ್ತರದ ಕಲ್ಲುಗುಪ್ಪೆ. ಹಾಕಿದವಳು ಅವಳೇ. ಸರ್ಕಾರದ ಜಾಗ, ಕೇಳುವವರಾರು ಎಂದು ಅವಳೂ ಗಂಡ ತಾಯಣ್ಣನೂ ಪ್ರತಿ ಬೇಸಿಗೆ ಹೊಲದ ಕಲ್ಲು ಆರಿಸಿ ಬೇಲಿಯ ಬುಡಕ್ಕೆ ಸುರಿಯುತ್ತಾ ಬಂದಿದ್ದರು. ಕವಣೆಗೆ ಕಲ್ಲು ಬೇಕಾದಾಗ ಅವಳು ಆರಿಸಿಕೊಳ್ಳುತ್ತಿದ್ದದ್ದೂ ಅಲ್ಲಿಂದಲೇ.

ಸಂಜೆ ತಾಯಣ್ಣ ಬಂದಾಗ ಅವಳು ಬುಟ್ಟಿಯಲ್ಲಿ ಕಲ್ಲು ಹೊತ್ತು ದೂರದ ಹಳ್ಳಕ್ಕೆ ಸುರಿಯುತ್ತಿದ್ದಳು. ಸಂಗತಿ ಕೇಳಿ ಅವನು ನಕ್ಕ. ಬೇಲಿ ಮುರಿದವಳಿಗೆ ಮತ್ತೆ ಯಾರು ವಿಮಾನ ಕೊಡುತ್ತಾರೆ, ಸುಮ್ಮನೆ ಸೊಂಟ ಯಾಕೆ ಮುರಿದುಕೊಳ್ಳುತ್ತಿ ಎಂದ.

"ಆಕಿ ಬರ್ತಾಳ. ನೀನೂ ಒಂದು ಬುಟ್ಟಿ ತಗೋ," ಎಂದಳು ಅಮರಮ್ಮ.

ಗುಪ್ಪೆ ಕರಗಲು ಆರು ದಿನ ಬೇಕಾಯಿತು. ಹನ್ನೊಂದನೆಯ ದಿನ ಬೆಳಿಗ್ಗೆ ಗುರ್ ಎಂಬ ಸದ್ದು ಕೇಳಿಸಿತು. ವಿಮಾನ ಬೇವಿನ ಮರಕ್ಕಿಂತ ಮೊದಲೇ ನೆಲ ಮುಟ್ಟಿತು, ಓಡಿತು, ಏರಿತು. ಜೋಳದ ಮೇಲೆ ಹಾಯುವಾಗ ಮಂಚಿಕೆಯ ಕಡೆಗೆ ಒಂದು ಸಲ ರೆಕ್ಕೆ ಬಾಗಿಸಿತು.

ಅಮರಮ್ಮ ಎದ್ದು ನಿಂತಳು. ಬೆನ್ನ ಹಿಂದೆ ಗಿಳಿಗಳ ಹಿಂಡು ತೆನೆಗಳ ಮೇಲೆ ಇಳಿಯಿತು. ಕವಣೆಗೆ ಒಂದು ಕಲ್ಲೂ ಇರಲಿಲ್ಲ. ಅವಳು ಹಿಂದೆ ತಿರುಗಿ ನೋಡಲೂ ಇಲ್ಲ.