ಆಮೆಯ ಜೊತೆ ಒಂದು ಫೋಟೊ

“ಬಿಡೋ ಅದನ್ನ! ಮೇಲೆ ಹೋಗ್ಬೇಕು ಅದು!”

ಅಕ್ಕ ಕೂಗಿದ್ದು ತಮ್ಮನಿಗೆ ಚೆನ್ನಾಗಿಯೇ ಕೇಳಿಸಿತು. ಆದರೂ ಬಿಡಲಿಲ್ಲ. ಎದೆಮಟ್ಟದ ನೀರಿನಲ್ಲಿ ಬಗ್ಗಿ, ಮೊರದಗಲದ ಕಡಲಾಮೆಯ ಚಿಪ್ಪನ್ನು ಎರಡೂ ಕೈಯಿಂದ ಅದುಮಿ ಹಿಡಿದು ಹಲ್ಲು ಕಿರಿಯುತ್ತಿದ್ದ. ಫೋಟೊದಲ್ಲಿ ಡೊಳ್ಳಾಗಿ ಕಾಣುತ್ತೇನೆಂದು ತೇಲುವ ಜಾಕೆಟ್ಟನ್ನು ದೋಣಿಯಲ್ಲೇ ಕಳಚಿಟ್ಟು ಇಳಿದಿದ್ದ. ಅವನ ಫೋನು ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಅಕ್ಕನ ಕೊರಳಿನಿಂದ ಜೋತಾಡುತ್ತಿತ್ತು.

“ಒಂದೇ ಸೆಕೆಂಡ್ ಅಕ್ಕಾ! ತಲೆ ಈ ಕಡೆ ತಿರುಗಿಸ್ಲಿ, ಆಗ ತೆಗಿ.”

“ಏನೂ ಮಾಡಲ್ಲ ಸಾರ್, ಸಾಧು ಪ್ರಾಣಿ. ಗಟ್ಟಿಯಾಗಿ ಹಿಡ್ಕೊಳ್ಳಿ,” ಎಂದು ದೋಣಿಯವನು ಮೇಲಿನಿಂದ ಹುರಿದುಂಬಿಸಿದ. ಬೆಳಿಗ್ಗೆ ಹವಳದ ದಿಬ್ಬ, ಆಮೇಲೆ ಆಮೆ, ಸಂಜೆ ದೀಪಸ್ತಂಭ. ಬಂದವರಿಗೆ ದ್ವೀಪ ತೋರಿಸುವುದು ಅವನ ಕಸುಬು. ಅವರು ನಗುನಗುತ್ತಾ ದೋಣಿ ಇಳಿದರೆ ಅವನ ದಿನ ಚೆನ್ನಾಗಿ ಆದಂತೆ.

ತಳದ ಹುಲ್ಲು ಮೇಯುವುದನ್ನು ಬಿಟ್ಟು ಆಮೆ ಉಸಿರಿಗೆಂದು ಮೇಲೇಳುವಾಗಲೇ ತಮ್ಮ ಅದನ್ನು ಹಿಡಿದದ್ದು. ಈಗ ಅದು ಮುಂಗಾಲು ಬಡಿಯುತ್ತಿತ್ತು. ಕತ್ತು ಉದ್ದ ಮಾಡಿ ಮೂತಿಯನ್ನು ಮೇಲಕ್ಕೆ ಚಾಚುತ್ತಿತ್ತು. ಇನ್ನೊಂದು ಗೇಣು ಏರಿದ್ದರೆ ಗಾಳಿ ಸಿಗುತ್ತಿತ್ತು. ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

“ನೋಡು ನೋಡು, ನಗ್ತಾ ಇದೆ! ತೆಗಿ, ತೆಗಿ!”

ಅಕ್ಕನಿಗೆ ಪಿತ್ತ ನೆತ್ತಿಗೇರಿತು. ನೀರು ಸೀಳಿಕೊಂಡು ಬಂದವಳೇ, ಮರಳಿನಲ್ಲಿ ಕಾಲೂರಿ, ತಮ್ಮನ ತಲೆಯ ಮೇಲೆ ಎರಡೂ ಅಂಗೈ ಇಟ್ಟು ಅವನನ್ನು ಒಳಕ್ಕೆ ತಳ್ಳಿದಳು. ಆಮೆ ಜಾರಿಕೊಂಡಿತು. ಮಾರುದೂರದಲ್ಲಿ ತಲೆ ಎತ್ತಿ, ಬುಸ್ಸೆಂದು ಒಂದು ದೊಡ್ಡ ಉಸಿರು ಎಳೆದು ಮುಳುಗಿತು. ಅಕ್ಕ ಕೈ ತೆಗೆಯಲಿಲ್ಲ. ನೆನೆಹಾಕಿದ ಕಂಬಳಿಯನ್ನು ಬಕೆಟ್ಟಿನಲ್ಲಿ ಅದುಮುವಂತೆ ಅದುಮಿದಳು. ಅವನ ಕೈಗಳು ನೀರು ಬಡಿದವು, ಅವಳ ಮಣಿಕಟ್ಟನ್ನು ಪರಚಿದವು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಇದೇ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಒದ್ದೆ ಬಟ್ಟೆ ಹಾಕಿದ್ದಳು. ಅದು ನೆನಪಾಯಿತು. ಆದರೂ ಬಿಡಲಿಲ್ಲ.

“ಮೇಡಂ! ಏನ್ ಮಾಡ್ತಿದೀರಾ? ಬಿಡಿ ಅವರನ್ನ!” ದೋಣಿಯವನು ಅಂಗಿಸಮೇತ ನೀರಿಗೆ ಧುಮುಕಿದ.

ಅವನು ಹತ್ತಿರ ಬರುವ ಮೊದಲೇ ಅವಳು ಬಿಟ್ಟಳು. ಮೇಲೆ ಬಂದ ತಮ್ಮ ಕೆಮ್ಮಿ ಕೆಮ್ಮಿ ಉಪ್ಪುನೀರು ಕಕ್ಕಿದ. ತಡವರಿಸಿಕೊಂಡು ಹೋಗಿ ದೋಣಿಯ ಅಂಚಿಗೆ ಜೋತುಬಿದ್ದ.

“ಹುಚ್ಚಾ ನಿಂಗೆ? ಸತ್ತೇ ಹೋಗ್ತಿದ್ನಲ್ಲೇ!”

“ಒಂದೇ ಸೆಕೆಂಡ್ ಕಣೋ,” ಎಂದಳು ಅಕ್ಕ.

“ಒಂದು ಆಮೆಗೋಸ್ಕರ ಒಡಹುಟ್ಟಿದವರ ಮೇಲೆ ಕೈ ಮಾಡ್ತೀರಲ್ಲ ಮೇಡಂ!” ಎಂದ ದೋಣಿಯವನು. “ಹೆಚ್ಚು ಕಡಿಮೆ ಆಗಿದ್ರೆ ನನ್ನ ಗತಿ ಏನು?”

“ನೀವು ಸುಮ್ನಿರಿ. ಗಟ್ಟಿಯಾಗಿ ಹಿಡ್ಕೊಳ್ಳಿ ಅಂದೋರು ನೀವೇ ಅಲ್ವಾ?”

ಅವನು ದೋಣಿ ಹತ್ತಿ ಕೂತ. ಮುಖ ಒರೆಸಿಕೊಳ್ಳುತ್ತಾ ತಮ್ಮ ಅಕ್ಕನ ಕಡೆ ತಿರುಗಿದ.

“ಅಮ್ಮ ಹೋದಾಗಿಂದ ಹಿಂಗೇ ಆಡ್ತಿದೀಯ. ಮನೇಲಿ ಮಾತಿಲ್ಲ ಕತೆಯಿಲ್ಲ. ಮನಸ್ಸು ಹಗುರ ಆಗ್ಲಿ ಅಂತ ಇಷ್ಟು ದೂರ ಕರ್ಕೊಂಡು ಬಂದ್ರೆ…”

“ಅಮ್ಮನ ಸುದ್ದಿ ಎತ್ತಬೇಡ.”

“ಯಾಕೆ ಎತ್ತಬಾರ್ದು? ನಂಗೂ ಅಮ್ಮಾನೇ ಅವಳು!”

“ಆಸ್ಪತ್ರೇಲಿ ಆಕ್ಸಿಜನ್ ಮಾಸ್ಕ್ ಕೆಳಗೆಳೆದು ಪಕ್ಕದಲ್ಲಿ ನಿನ್ನ ಮುಖ ಇಟ್ಟು ಫೋಟೊ ತೆಗೆದ್ಯಲ್ಲ, ಆಗ ಅಮ್ಮ ಅಲ್ವಾ ಅವಳು? ನೆಂಟರೆಲ್ಲ ಕೇಳ್ತಿದಾರೆ, ಒಂಚೂರು ನಗಮ್ಮ ಅಂದ್ಯಲ್ಲ, ಆಗ?”

ಆ ಫೋಟೊವನ್ನು ತಮ್ಮ ಆವತ್ತೇ ನೆಂಟರಿಷ್ಟರಿಗೆಲ್ಲ ಕಳಿಸಿದ್ದ. ಅಮ್ಮ ತೀರಿಕೊಂಡ ಮೇಲೆ ತನ್ನ ಮುಖ ತೆಗೆಸಿ, ಅಮ್ಮನದಷ್ಟನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ್ದ. ಬಂದವರೆಲ್ಲ ಅದರ ಮುಂದೆ ನಿಂತು, ಕೊನೆಗಾಲದಲ್ಲೂ ಎಷ್ಟು ಲಕ್ಷಣವಾಗಿ ನಕ್ಕಿದ್ದಾರೆ ಎನ್ನುತ್ತಿದ್ದರು. ಅಕ್ಕ ಆ ಗೋಡೆಗೆ ಬೆನ್ನು ಹಾಕಿ ಕೂತು ಉಣ್ಣುತ್ತಿದ್ದಳು. ಯಾಕೆಂದು ಯಾರೂ ಕೇಳಿರಲಿಲ್ಲ.

“ನಕ್ಲಲ್ಲ ಅಕ್ಕಾ,” ಎಂದ ತಮ್ಮ, ಸಣ್ಣ ದನಿಯಲ್ಲಿ. “ನಾನು ಹೇಳಿದ ತಕ್ಷಣ ನಕ್ಲು. ನೀನೂ ಅಲ್ಲೇ ಇದ್ದೆ.”

“ನಕ್ಕಿಲ್ಲ ಕಣೋ ಅವಳು. ಉಸಿರು ಸಿಗದೆ ಬಾಯಿ ಬಿಟ್ಟಿದ್ಲು.”

ದೋಣಿಯವನು ತಲೆ ತಗ್ಗಿಸಿ, ಒದ್ದೆ ಅಂಗಿಯ ಅಂಚನ್ನು ಹಿಂಡತೊಡಗಿದ. ತಮ್ಮ ಏನೋ ಹೇಳಲು ಹೋದ. ಅಷ್ಟರಲ್ಲಿ ಕೆಮ್ಮು ಮತ್ತೆ ಒತ್ತರಿಸಿಕೊಂಡು ಬಂತು. ಕಣ್ಣು ಮೇಲೆ ಮಾಡಿ, ಕತ್ತು ಚಾಚಿ, ಬಾಯಿ ತೆರೆದು ಗಾಳಿಗೆ ಹವಣಿಸುತ್ತಿದ್ದ ಅವನು ಥೇಟ್ ಅಮ್ಮನ ಹಾಗೇ ಕಂಡ.

ಅಕ್ಕನಿಗೆ ಅದಕ್ಕೂ ಸಿಟ್ಟು ಬಂತು.